ಮನೆಯಲ್ಲೇ ಕಟ್ಟಿದ ಗೇಮ್ ಡಬ್ಬಿ ಟಿವಿಯಲ್ಲಿ ಯಾಕೆ ಬರಲ್ಲ? ಕೇಬಲ್ ಕೊಳ್ಳುವ ಮೊದಲು ಇದನ್ನು ಓದಿ

ಭಟ್ಕಳ/ಹೊನ್ನಾವರ/ಕುಮಟಾ: ಆನ್‌ಲೈನಿನಲ್ಲಿ ಒಂದು ಬೋರ್ಡ್, ಎರಡೂವರೆ ಇಂಚಿನ ಸ್ಕ್ರೀನ್, ಏಳೆಂಟು ಬಟನ್ ತರಿಸಿಕೊಂಡು ಮನೆಯಲ್ಲೇ ಗೇಮ್ ಡಬ್ಬಿ ಕಟ್ಟುವುದು ಈಗ ಪಿಯುಸಿ, ಡಿಪ್ಲೊಮಾ ಹುಡುಗರಿಗೆ ದೊಡ್ಡ ವಿಷಯ ಅಲ್ಲ. ವಿಡಿಯೊ ನೋಡಿ ಸೋಲ್ಡರ್ ಮಾಡುತ್ತಾರೆ, ಒಂದು ವಾರದಲ್ಲಿ ಡಬ್ಬಿ ಓಡುತ್ತದೆ. ತೊಂದರೆ ಶುರುವಾಗುವುದು ಅದರ ಮುಂದಿನ ವಾರ. ಅಷ್ಟು ಸಣ್ಣ ಸ್ಕ್ರೀನಿನಲ್ಲಿ ಒಬ್ಬನೇ ಎಷ್ಟು ದಿನ ಆಡೋದು? ತಮ್ಮ, ತಂಗಿ, ಪಕ್ಕದ ಮನೆ ಹುಡುಗರು ಎಲ್ಲರೂ ನೋಡಬೇಕು ಅಂದರೆ ಟಿವಿಗೆ ಹಾಕಬೇಕು.

ಆಗ ಹುಡುಗ ಡಬ್ಬಿ ಹಿಡಿದು ಪೇಟೆಗೆ ಬರುತ್ತಾನೆ. ಭಟ್ಕಳದ ಶಂಶುದ್ದೀನ್ ಸರ್ಕಲ್ ಇರಲಿ, ಹೊನ್ನಾವರದ ಶರಾವತಿ ಸರ್ಕಲ್ ಇರಲಿ, ಕುಮಟಾದ ಗಿಬ್ ಸರ್ಕಲ್ ಇರಲಿ, ಮೊಬೈಲ್ ಮತ್ತು ಟಿವಿ ರಿಪೇರಿ ಅಂಗಡಿಯಲ್ಲಿ ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ಇದನ್ನ ಟಿವಿಗೆ ಹಾಕೋ ಕೇಬಲ್ ಇದ್ಯಾ?" ಅಂಗಡಿಯವರು ಕೈಗೆ ಸಿಕ್ಕ ಎವಿ ಕೇಬಲ್ಲನ್ನೋ, ಎಚ್‌ಡಿಎಂಐ ಕನ್ವರ್ಟರನ್ನೋ ಕೊಡುತ್ತಾರೆ. ಮನೆಗೆ ಹೋಗಿ ಹಾಕಿದರೆ ಟಿವಿಯಲ್ಲಿ ನೀಲಿ ಪರದೆ ಬಿಟ್ಟು ಬೇರೇನೂ ಬರುವುದಿಲ್ಲ. ಮರುದಿನ ವಾಪಸ್ ಬಂದು ಜಗಳ. ಹುಡುಗನ ಕೆಲವು ನೂರು ರೂಪಾಯಿ ಹೋಯಿತು, ಅಂಗಡಿಯವರ ಹೆಸರೂ ಹೋಯಿತು. ಕೇಬಲ್ ಹಾಳಾಗಿರುವುದಿಲ್ಲ, ಟಿವಿಯೂ ಹಾಳಾಗಿರುವುದಿಲ್ಲ. ಡಬ್ಬಿಯೊಳಗಿನ ಬೋರ್ಡ್ ಟಿವಿಗೆ ಬೇಕಾದ ಸಿಗ್ನಲ್ಲನ್ನು ಕೊಡುತ್ತಲೇ ಇಲ್ಲ. ಇಲ್ಲದ ಸಿಗ್ನಲ್ಲನ್ನು ಯಾವ ಕೇಬಲ್ ತಾನೇ ಹೊತ್ತು ತರುತ್ತದೆ?

ಅಂಗಡಿಯ ಅಗ್ಗದ ಡಬ್ಬಿ ಬರುತ್ತೆ, ಇದು ಯಾಕೆ ಬರಲ್ಲ?

ಈ ಪ್ರಶ್ನೆ ಸಹಜ. ಫ್ಯಾನ್ಸಿ ಸ್ಟೋರ್‌ಗಳಲ್ಲಿ ಸಿಗುವ 'ಸಪ್' ಹೆಸರಿನ 400 ಗೇಮ್‌ಗಳ ಡಬ್ಬಿಯ ಜೊತೆ ಒಂದು ಎವಿ ಕೇಬಲ್ ಬರುತ್ತದೆ. ಚುಚ್ಚಿದರೆ ಆಯಿತು, ಟಿವಿಯಲ್ಲಿ ಚಿತ್ರ ಬರುತ್ತದೆ. ಅದಕ್ಕಿಂತ ಎಷ್ಟೋ ಹೆಚ್ಚು ಖರ್ಚು ಮಾಡಿ ಕಟ್ಟಿದ ಡಬ್ಬಿಯಲ್ಲಿ ಬರುವುದಿಲ್ಲ.

ಕಾರಣ ಆ ಗೇಮ್‌ಗಳ ಹುಟ್ಟಿನಲ್ಲಿದೆ. ಅಂಥ ಡಬ್ಬಿಯೊಳಗೆ ಓಡುವುದು ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಂ ಎಂಬ ಯಂತ್ರದ ನಕಲು. ಫ್ಯಾಮಿಕಾಂಗೆ ಸ್ವಂತ ಸ್ಕ್ರೀನೇ ಇರಲಿಲ್ಲ, ಅದು ಟಿವಿಗೆಂದೇ ಮಾಡಿದ್ದು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಕ್ಯಾಸೆಟ್ ಹಾಕಿ ಆಡುತ್ತಿದ್ದ 'ಟಿವಿ ವಿಡಿಯೊ ಗೇಮ್' ಕೂಡ ಇದೇ ಜಾತಿ. ಹಾಗಾಗಿ ನಕಲು ಚಿಪ್ಪಿಗೂ ಟಿವಿ ಸಿಗ್ನಲ್ ಮಾಡುವುದು ಹುಟ್ಟುಗುಣ. ಮನೆಯಲ್ಲಿ ಕಟ್ಟಿದ್ದರ ಕಥೆ ಉಲ್ಟಾ. ಅದು ಸಣ್ಣ ಸ್ಕ್ರೀನಿಗೆಂದೇ ಕಟ್ಟಿದ್ದು, ಟಿವಿ ಆಮೇಲೆ ನೆನಪಾದದ್ದು.

ದೊಡ್ಡ ಕಂಪನಿಗಳಿಗೂ ಇದು ಸುಲಭವಾಗಿರಲಿಲ್ಲ. 1989ರ ಗೇಮ್‌ಬಾಯ್‌ಗೆ ಟಿವಿ ಕನೆಕ್ಷನ್ ಇರಲಿಲ್ಲ. 1994ರಲ್ಲಿ ನಿಂಟೆಂಡೊ ಅದರ ಗೇಮ್‌ಗಳನ್ನು ಟಿವಿಯಲ್ಲಿ ಆಡಲು 'ಸೂಪರ್ ಗೇಮ್‌ಬಾಯ್' ಎಂಬ ಕ್ಯಾಸೆಟ್ ತಂದಿತು. ಅದರೊಳಗೆ ಗೇಮ್‌ಬಾಯ್‌ನ ಪ್ರೊಸೆಸರನ್ನೇ ಇಟ್ಟಿದ್ದರು, ಟಿವಿಗೆ ಚಿತ್ರ ಕಳಿಸುವ ಕೆಲಸವನ್ನು ಕೆಳಗಿನ ದೊಡ್ಡ ಯಂತ್ರಕ್ಕೆ ಬಿಟ್ಟಿದ್ದರು. ಸೆಗಾ ಕಂಪನಿಯ ನೊಮ್ಯಾಡ್‌ನಲ್ಲಿ 1995ರಲ್ಲೇ ಎವಿ ಔಟ್ ಇತ್ತು. ಸೋನಿಯ ಪಿಎಸ್‌ಪಿಗೆ ಟಿವಿ ಔಟ್ ಬಂದದ್ದು 2007ರ ಎರಡನೇ ಮಾದರಿಯಲ್ಲಿ.

ಸ್ಕ್ರೀನ್ ಕಾಯುತ್ತೆ, ಟಿವಿ ಕಾಯಲ್ಲ

ಡಬ್ಬಿಯ ಸಣ್ಣ ಸ್ಕ್ರೀನಿಗೆ ತನ್ನದೇ ಆದ ನೆನಪು ಇದೆ. ಅದು ಅಂಗಡಿಯ ಉದ್ರಿ ಪುಸ್ತಕ ಇದ್ದ ಹಾಗೆ. ಒಮ್ಮೆ ಬರೆದರೆ ಅಳಿಸುವವರೆಗೂ ಅಲ್ಲೇ ಇರುತ್ತದೆ. ಬೋರ್ಡ್ ತನಗೆ ಪುರುಸೊತ್ತು ಆದಾಗ ಹೊಸ ಚಿತ್ರ ಬರೆಯುತ್ತದೆ, ಸ್ಕ್ರೀನ್ ಸುಮ್ಮನೆ ಕಾಯುತ್ತದೆ.

ಹಳದಿ ಪಿನ್ನಿನಲ್ಲಿ ಚಿತ್ರ ಪಡೆಯುವ ಹಳೆ ಟಿವಿ ಹಾಗಲ್ಲ. ಅದು ದೇವಸ್ಥಾನದ ಊಟದ ಪಂಕ್ತಿ. ಬಡಿಸುವವನು ಎಲೆಯಿಂದ ಎಲೆಗೆ ಓಡುತ್ತಲೇ ಇರಬೇಕು, ನಿಂತರೆ ಮುಂದಿನ ಎಲೆ ಖಾಲಿ. ಭಾರತದಲ್ಲಿ ಬಳಸುವ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಂದರೆ ಸೆಕೆಂಡಿಗೆ 15,625 ಗೆರೆ. ಪ್ರತಿ ಗೆರೆಗೆ ಸಿಗುವುದು 64 ಮೈಕ್ರೋಸೆಕೆಂಡ್, ಅಂದರೆ ಒಂದು ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ 64 ಪಾಲು. ಅದರೊಳಗೆ ಸುಮಾರು 4.7 ಮೈಕ್ರೋಸೆಕೆಂಡ್ 'ಹೊಸ ಗೆರೆ ಶುರು' ಎಂದು ಹೇಳುವ ಸಿಂಕ್ ಸೂಚನೆಗೆ ಹೋಗುತ್ತದೆ. ಸುಮಾರು 52 ಮೈಕ್ರೋಸೆಕೆಂಡ್ ಚಿತ್ರಕ್ಕೆ. ಸಿಂಕ್ ಒಂದು ಚೂರು ಆಚೀಚೆ ಆದರೂ ಚಿತ್ರ ಓರೆಯಾಗುತ್ತದೆ, ಇಲ್ಲವೇ ಮೇಲೆ ಕೆಳಗೆ ಉರುಳುತ್ತದೆ.

ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ 'ಟಿವಿ ಯಾವುದು?' ಅಲ್ಲ, 'ಒಳಗಿರುವ ಬೋರ್ಡ್ ಯಾವುದು?' ಅದಕ್ಕೆ ಉತ್ತರ ಸಿಗದೆ ಕೇಬಲ್ ಮಾರುವುದೂ ಬೇಡ, ಕೊಳ್ಳುವುದೂ ಬೇಡ.

ರಾಸ್ಪ್‌ಬೆರಿ ಪೈ ಆದರೆ ಅರ್ಧ ಕೆಲಸ ಮುಗಿದ ಹಾಗೆ

ಮನೆಯಲ್ಲಿ ಕಟ್ಟುವ ಡಬ್ಬಿಗಳಲ್ಲಿ ತುಂಬಾ ಕಾಣಿಸುವುದು ರಾಸ್ಪ್‌ಬೆರಿ ಪೈ ಝೀರೋ ಜಾತಿಯ ಬೋರ್ಡ್. ಮೊದಲ ಝೀರೋ 2015ರ ನವೆಂಬರಿನಲ್ಲಿ ಬಂತು, ವೈಫೈ ಇರುವ ಝೀರೋ ಡಬ್ಲ್ಯೂ 2017ರಲ್ಲಿ, ಝೀರೋ 2 ಡಬ್ಲ್ಯೂ 2021ರಲ್ಲಿ. ಮೂರರಲ್ಲೂ ಸಣ್ಣ ಎಚ್‌ಡಿಎಂಐ ಬಾಯಿ ಇದೆ. ಮೂರರಲ್ಲೂ ಹಳದಿ ಪಿನ್ನಿಗೆ ಬೇಕಾದ ಸಿಗ್ನಲ್ ಕೂಡ ಇದೆ, ಆದರೆ ಸಾಕೆಟ್ ಹಾಕಿಲ್ಲ. ಮೊದಲ ಎರಡರಲ್ಲಿ 'ಟಿವಿ' ಎಂದು ಬರೆದ ಎರಡು ತೂತು ಇದೆ. ಝೀರೋ 2 ಡಬ್ಲ್ಯೂನಲ್ಲಿ ಬೋರ್ಡಿನ ಹಿಂಬದಿಯಲ್ಲಿ ಸಣ್ಣ ಪ್ಯಾಡ್ ಇದೆ. ಒಂದು ಸಿಗ್ನಲ್, ಒಂದು ಗ್ರೌಂಡ್. ಆರ್‌ಸಿಎ ಸಾಕೆಟ್ಟಿನ ನಡುವಿನ ಕಡ್ಡಿಗೆ ಸಿಗ್ನಲ್, ಹೊರಗಿನ ಬಳೆಗೆ ಗ್ರೌಂಡ್ ಸೋಲ್ಡರ್ ಮಾಡಿದರೆ ತಂತಿ ಕೆಲಸ ಮುಗಿಯಿತು. ಬೇರೆ ಯಾವ ಬಿಡಿಭಾಗವೂ ಬೇಡ.

ಹಾಗಿದ್ದೂ ಚಿತ್ರ ಬರದೇ ಇರುವುದೇ ಹೆಚ್ಚು. ಮೆಮೊರಿ ಕಾರ್ಡಿನಲ್ಲಿರುವ ಸೆಟ್ಟಿಂಗ್ ಅದಕ್ಕೆ ಕಾರಣ.

ಎರಡೂವರೆ ಇಂಚಿನ ಸ್ಕ್ರೀನಿಗಾಗಿ ಕಟ್ಟಿದ ಡಬ್ಬಿಯಲ್ಲಿ ಚಿತ್ರದ ಅಳತೆಯನ್ನು 320 ಅಡ್ಡ, 240 ಉದ್ದ ಎಂದು ಗಟ್ಟಿ ಮಾಡಿ ಇಟ್ಟಿರುತ್ತಾರೆ. ಎಚ್‌ಡಿಎಂಐ ಕೇಬಲ್ ಹಾಕಿದಾಗ ಪೈ ಅದೇ ಅಳತೆಯನ್ನು ಟಿವಿಗೂ ಕಳಿಸುತ್ತದೆ. ಎಲ್‌ಇಡಿ ಟಿವಿಗೆ ಆ ಅಳತೆ ಗೊತ್ತಿಲ್ಲ. 'ನಾಟ್ ಸಪೋರ್ಟೆಡ್' ಅನ್ನುತ್ತದೆ, ಇಲ್ಲವೇ ಸಿಗ್ನಲ್ಲೇ ಇಲ್ಲ ಅನ್ನುತ್ತದೆ. ರೆಟ್ರೋಪೈಯಂಥ ಹಳೆ ಮಾದರಿಯ ಸಾಫ್ಟ್‌ವೇರ್ ಇದ್ದರೆ ಕಾರ್ಡಿನ ಕಾನ್ಫಿಗ್ ಫೈಲ್ ತೆರೆದು ಎಚ್‌ಡಿಎಂಐ ಗ್ರೂಪ್ 1, ಮೋಡ್ 4 ಎಂದು ಬರೆಯಬೇಕು. ಅದು 720 ಗೆರೆಯ ಚಿತ್ರ, ಈಗಿನ ಎಲ್ಲ ಎಲ್‌ಇಡಿ ಟಿವಿಗೂ ಅರ್ಥ ಆಗುತ್ತದೆ. ಪೈ ಆನ್ ಆಗುವ ಹೊತ್ತಿಗೆ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿರಬೇಕು ಎನ್ನುವುದೂ ನೆನಪಿರಲಿ. ಅದು ಆನ್ ಆಗುವಾಗ ಒಮ್ಮೆ ನೋಡುತ್ತದೆ. ಆಗ ಎಚ್‌ಡಿಎಂಐ ಕಾಣದಿದ್ದರೆ ಹಳದಿ ತಂತಿಯ ಕಡೆ ತಿರುಗಿಬಿಡುತ್ತದೆ.

ಹಳದಿ ತಂತಿ ಹಾಕಿದವರ ಗೋಳು ಇದರ ಉಲ್ಟಾ. 'ಫೋರ್ಸ್ ಹಾಟ್‌ಪ್ಲಗ್' ಎನ್ನುವ ಸಾಲು ಚಾಲೂ ಇದ್ದರೆ ಪೈ ಎಚ್‌ಡಿಎಂಐಯನ್ನೇ ಹಿಡಿದು ಕೂರುತ್ತದೆ, ಹಳದಿ ತಂತಿಗೆ ಏನೂ ಬಿಡುವುದಿಲ್ಲ. ಆ ಸಾಲು ತೆಗೆಯಬೇಕು. ಜೊತೆಗೆ 'ಎಸ್‌ಡಿಟಿವಿ ಮೋಡ್' ಸಾಲಿನಲ್ಲಿ 2 ಎಂದು ಹಾಕಬೇಕು. ಸೊನ್ನೆ ಇದ್ದರೆ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿ, 2 ಇದ್ದರೆ ನಮ್ಮ ಪಾಲ್. 2021ರ ಕೊನೆಯಿಂದ ಬಂದ ಹೊಸ ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ಚಿತ್ರ ಕಳಿಸುವ ವ್ಯವಸ್ಥೆಯೇ ಬದಲಾಗಿದೆ. ಹಳೆ ವಿಡಿಯೊ ನೋಡಿಕೊಂಡು ಈ ಸಾಲುಗಳನ್ನು ಅಲ್ಲಿ ಬರೆದರೆ ಕೆಲಸ ಆಗುವುದಿಲ್ಲ.

ಇಲ್ಲಿ ಭಟ್ಕಳದವರಿಗೆ ಒಂದು ಅನುಕೂಲ ಇದೆ. ಕೊಲ್ಲಿ ದೇಶಗಳಿಂದ ಬರುವವರು ತಂದ ಹಳೆ ಟಿವಿ ಅಲ್ಲಿನ ಎಷ್ಟೋ ಮನೆಗಳಲ್ಲಿ ಇದೆ. ಅದರಲ್ಲಿ 'ಮಲ್ಟಿ ಸಿಸ್ಟಂ' ಎಂದು ಬರೆದಿದ್ದರೆ ಅದು ಪಾಲ್, ಎನ್‌ಟಿಎಸ್‌ಸಿ ಎರಡನ್ನೂ ತೋರಿಸುತ್ತದೆ, ಸೆಟ್ಟಿಂಗ್ ತಪ್ಪಿದ್ದರೂ ಬಣ್ಣದ ಚಿತ್ರ ಬರುತ್ತದೆ. ಇಲ್ಲೇ ಕೊಂಡ ಬರೀ ಪಾಲ್ ಟಿವಿಯಲ್ಲಿ ಅದೇ ಡಬ್ಬಿ ಕಪ್ಪು ಬಿಳುಪಾಗಿ ಕಾಣಬಹುದು ಅಥವಾ ಉರುಳಬಹುದು. ಒಂದೇ ಡಬ್ಬಿ ಒಂದು ಮನೆಯಲ್ಲಿ ಬಂದು ಇನ್ನೊಂದು ಮನೆಯಲ್ಲಿ ಬರದಿದ್ದರೆ ಮೊದಲು ಇದನ್ನು ನೋಡಿ.

ಇನ್ನು ಕೆಲವರು ಸಣ್ಣ ಸ್ಕ್ರೀನಿನ ಬದಲು ಕಾರಿನ ರಿವರ್ಸ್ ಕ್ಯಾಮೆರಾದ 4.3 ಇಂಚಿನ ಸ್ಕ್ರೀನ್ ಹಾಕಿರುತ್ತಾರೆ. ಅದು ಹಳದಿ ಪಿನ್ನಿನ ಸಿಗ್ನಲ್ಲಿನಲ್ಲೇ ಓಡುವುದರಿಂದ ಡಬ್ಬಿಯಲ್ಲಿ ಟಿವಿ ಸಿಗ್ನಲ್ ಆಗಲೇ ಇದೆ ಎಂದು ಅರ್ಥ. ಅದೇ ತಂತಿಗೆ ಇನ್ನೊಂದು ತಂತಿ ಕಟ್ಟಿ ಟಿವಿಗೆ ಎಳೆಯುವ ಆಸೆ ಬರುತ್ತದೆ. ಹಾಗೆ ಮಾಡಿದರೆ ಎರಡರಲ್ಲೂ ಚಿತ್ರ ಮಂಕು. 1 ವೋಲ್ಟಿನ ಸಿಗ್ನಲ್ 75 ಓಮ್‌ನ ಒಂದು ಟಿವಿಗೆಂದು ಲೆಕ್ಕ ಹಾಕಿದ್ದು. ಎರಡು ಕಡೆ ಹಂಚಿದರೆ ಅದು ಸುಮಾರು 0.67 ವೋಲ್ಟಿಗೆ ಇಳಿಯುತ್ತದೆ. ಸ್ವಿಚ್ ಇರುವ ಸಾಕೆಟ್ ಹಾಕುವುದೇ ಸರಿ. ಹಳೆ ಟ್ರಾನ್ಸಿಸ್ಟರ್ ರೇಡಿಯೊಗೆ ಇಯರ್‌ಫೋನ್ ಚುಚ್ಚಿದ ಕೂಡಲೇ ಸ್ಪೀಕರ್ ಬಂದ್ ಆಗುತ್ತಿತ್ತಲ್ಲ, ಅದೇ ಸಾಕೆಟ್ಟು. ಟಿವಿ ಪಿನ್ ಚುಚ್ಚಿದಾಗ ಸಣ್ಣ ಸ್ಕ್ರೀನ್ ಕಟ್ ಆಗಬೇಕು.

ಆರ್ಡುಇನೊ ಡಬ್ಬಿ: ಎರಡು ರೆಸಿಸ್ಟರ್‌ನ ಲೆಕ್ಕ

ನಿಜವಾದ ಮಜಾ ಇರುವುದು ಇಲ್ಲಿ. ಆರ್ಡುಇನೊ ಊನೊ ಬೋರ್ಡಿನಲ್ಲಿ ಟಿವಿ ಸಿಗ್ನಲ್ ಮಾಡುವ ಯಾವ ಭಾಗವೂ ಇಲ್ಲ. ಆದರೂ 'ಟಿವಿಔಟ್' ಎಂಬ ಉಚಿತ ಲೈಬ್ರರಿ ಹಾಕಿ, ಎರಡೇ ಎರಡು ರೆಸಿಸ್ಟರ್ ಸೇರಿಸಿದರೆ ಟಿವಿಯಲ್ಲಿ ಕಪ್ಪು ಬಿಳುಪು ಚಿತ್ರ ಬರುತ್ತದೆ. ರೆಸಿಸ್ಟರ್‌ಗೆ ಒಂದೆರಡು ರೂಪಾಯಿಯಷ್ಟೇ ಖರ್ಚು.

ಊನೊದ 9ನೇ ಪಿನ್ನಿನಿಂದ 1 ಕಿಲೊ ಓಮ್ (ಕಂದು, ಕಪ್ಪು, ಕೆಂಪು ಪಟ್ಟಿ). ಅದು ಸಿಂಕ್. 7ನೇ ಪಿನ್ನಿನಿಂದ 470 ಓಮ್ (ಹಳದಿ, ನೇರಳೆ, ಕಂದು ಪಟ್ಟಿ). ಅದು ಚಿತ್ರ. ಎರಡೂ ರೆಸಿಸ್ಟರಿನ ಇನ್ನೊಂದು ತುದಿಯನ್ನು ಒಟ್ಟು ಸೇರಿಸಿ ಹಳದಿ ಸಾಕೆಟ್ಟಿನ ನಡುವಿನ ಕಡ್ಡಿಗೆ, ಬೋರ್ಡಿನ ಗ್ರೌಂಡನ್ನು ಸಾಕೆಟ್ಟಿನ ಬಳೆಗೆ ಕೊಡಬೇಕು. ಬಟನ್‌ಗಳನ್ನು ಮೊದಲೇ 7 ಅಥವಾ 9ಕ್ಕೆ ಹಾಕಿದ್ದರೆ ಬೇರೆ ಪಿನ್ನಿಗೆ ಬದಲಿಸಬೇಕು. ಬೇರೆ ಬೋರ್ಡ್ ಆದರೆ ಪಿನ್ ನಂಬರೂ ಬೇರೆ.

ಈ ಎರಡೇ ಬೆಲೆ ಯಾಕೆ? ಟಿವಿಯ ಒಳಗೆ 75 ಓಮ್ ಇದೆ. ಎರಡೂ ಪಿನ್ ಸೊನ್ನೆ ಇದ್ದಾಗ ತಂತಿಯಲ್ಲಿ 0 ವೋಲ್ಟ್, ಟಿವಿ ಅದನ್ನು ಸಿಂಕ್ ಎಂದು ಓದುತ್ತದೆ. ಸಿಂಕ್ ಪಿನ್ ಮಾತ್ರ 5 ವೋಲ್ಟಿಗೆ ಹೋದರೆ ತಂತಿಯಲ್ಲಿ ಸುಮಾರು 0.3 ವೋಲ್ಟ್, ಅದು ಕಪ್ಪು. ಎರಡೂ 5 ವೋಲ್ಟ್ ಆದರೆ ಸುಮಾರು 0.95 ವೋಲ್ಟ್, ಅದು ಬಿಳಿ. ಟಿವಿ ಕೇಳುವುದೂ ಸರಿಸುಮಾರು ಇದನ್ನೇ, ಒಟ್ಟು 1 ವೋಲ್ಟಿನ ಒಳಗೆ 0.3ರ ಕೆಳಗೆ ಸಿಂಕ್, ಮೇಲೆ ಚಿತ್ರ. ರೆಸಿಸ್ಟರ್ ಬಿಟ್ಟು 5 ವೋಲ್ಟಿನ ಪಿನ್ನನ್ನೇ ನೇರವಾಗಿ ಟಿವಿಗೆ ಕೊಡುವ ಧೈರ್ಯ ಮಾಡಬೇಡಿ, ಪಿನ್ ಸುಡುವ ಸಾಧ್ಯತೆ ಇದೆ. 3.3 ವೋಲ್ಟಿನ ಬೋರ್ಡಿಗೆ ಇದೇ ಬೆಲೆಯ ರೆಸಿಸ್ಟರ್ ಹಾಕಿದರೆ ಬಿಳಿ ಎನ್ನುವುದು ಬೂದಿ ಬಣ್ಣಕ್ಕೆ ಇಳಿಯುತ್ತದೆ.

ತಂತಿ ಕೆಲಸ ಇಷ್ಟು ಸಲೀಸು. ಕಷ್ಟ ಇರುವುದು ಬೋರ್ಡಿನ ನೆನಪಿನಲ್ಲಿ. ಊನೊದ ಚಿಪ್ಪಿಗೆ ಇರುವ ರ‍್ಯಾಮ್ 2,048 ಬೈಟ್ ಮಾತ್ರ. 128 ಅಡ್ಡ, 96 ಉದ್ದದ ಕಪ್ಪು ಬಿಳುಪು ಚಿತ್ರ ಇಡಲು 1,536 ಬೈಟ್ ಬೇಕು. ಉಳಿಯುವುದು 512. ಸ್ಕೋರು, ಶತ್ರು, ಗುಂಡು, ಎಲ್ಲ ಅದರಲ್ಲೇ. ಡಬ್ಬಿಯ ಸಣ್ಣ ಓಎಲ್‌ಇಡಿ ಸ್ಕ್ರೀನ್ 128 ಅಡ್ಡ 64 ಉದ್ದ ಇರುತ್ತದೆ, ಅದರ ಚಿತ್ರಕ್ಕೆ 1,024 ಬೈಟ್. ಎರಡನ್ನೂ ಒಟ್ಟಿಗೆ ಇಡಲು ಹೋದರೆ 2,560, ಚಿಪ್ಪಿನಲ್ಲಿ ಅಷ್ಟು ಜಾಗವೇ ಇಲ್ಲ. 'ಡಬ್ಬಿಯಲ್ಲೂ ಬರಲಿ, ಟಿವಿಯಲ್ಲೂ ಬರಲಿ' ಎನ್ನುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ದಾರಿ ಇಲ್ಲ ಎಂದಲ್ಲ. ಟಿವಿ ಚಿತ್ರವನ್ನೂ 128ಕ್ಕೆ 64 ಎಂದು ಇಟ್ಟು ಒಂದೇ 1,024 ಬೈಟನ್ನು ಎರಡಕ್ಕೂ ಬಳಸಬಹುದು. ಆದರೆ ಅಂಥ ಓಎಲ್‌ಇಡಿ ಎಂಟೆಂಟು ಚುಕ್ಕೆಯನ್ನು ಮೇಲಿಂದ ಕೆಳಕ್ಕೆ ಓದುತ್ತದೆ, ಟಿವಿಔಟ್ ಎಡದಿಂದ ಬಲಕ್ಕೆ. ನಡುವೆ ತಿರುಗಿಸುವ ಕೋಡ್ ಬರೆಯಬೇಕು. ಬರೆಯದಿದ್ದರೆ ಟಿವಿಯಲ್ಲಿ ಕಾಣುವುದು ಚೂರು ಚೂರಾದ ಚಿತ್ರ.

ವೇಗವೂ ಕಡಿಮೆಯಾಗುತ್ತದೆ. 16 ಮೆಗಾಹರ್ಟ್ಜ್ ಚಿಪ್ಪಿಗೆ ಒಂದು ಗೆರೆಯ 64 ಮೈಕ್ರೋಸೆಕೆಂಡಿನಲ್ಲಿ 1,024 ಹೆಜ್ಜೆ ಇಡಲು ಆಗುತ್ತದೆ. ಚಿತ್ರ ಕಾಣುವ ಗೆರೆಗಳಲ್ಲಿ ಅದು ಬಡಿಸುವುದರಲ್ಲೇ ಮುಳುಗಿರುತ್ತದೆ. ಗೇಮ್ ನಡೆಸಲು ಸಿಗುವುದು ಮುಖ್ಯವಾಗಿ ಪಂಕ್ತಿ ಎದ್ದು ಇನ್ನೊಂದು ಪಂಕ್ತಿ ಕೂರುವ ನಡುವಿನ ಬಿಡುವು. ಡಬ್ಬಿಯಲ್ಲಿ ಓಡುತ್ತಿದ್ದ ಹಾವಿನ ಗೇಮ್ ಟಿವಿಯಲ್ಲಿ ತೆವಳಿದರೆ ಬೋರ್ಡ್ ಕೆಟ್ಟಿದೆ ಎಂದು ತಿಳಿಯಬೇಡಿ.

ಇಎಸ್‌ಪಿ, ಪಿಕೊ ಇದ್ದವರಿಗೆ ಎರಡು ಮಾತು

ಇಎಸ್‌ಪಿ32 ಬೋರ್ಡಿನ ಮೊದಲ ಮಾದರಿಯಲ್ಲಿ 25 ಮತ್ತು 26ನೇ ಪಿನ್ನಿನಲ್ಲಿ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡುವ ಭಾಗ ಇದೆ. ಅದರಿಂದ ಬಣ್ಣದ ಟಿವಿ ಸಿಗ್ನಲ್ಲೇ ಮಾಡಬಹುದು, ಲೈಬ್ರರಿಗಳೂ ಇವೆ. ಹೊಸದು ಒಳ್ಳೇದಿರಬಹುದು ಎಂದು ಎಸ್3 ಅಥವಾ ಸಿ3 ಮಾದರಿ ಕೊಂಡರೆ ಕೆಟ್ಟಿರಿ. ಅದರಲ್ಲಿ ಆ ಭಾಗವನ್ನೇ ತೆಗೆದಿದ್ದಾರೆ.

ರಾಸ್ಪ್‌ಬೆರಿ ಪೈ ಪಿಕೊ 2021ರಲ್ಲಿ ಬಂದ ಅಗ್ಗದ ಬೋರ್ಡ್. ಅದರಲ್ಲಿ ಎಚ್‌ಡಿಎಂಐ ಇಲ್ಲ. ಆದರೂ ಚಿಪ್ಪನ್ನು 252 ಮೆಗಾಹರ್ಟ್ಜಿಗೆ ಓಡಿಸಿ, ಎಂಟು ತಂತಿಗೆ ಎಂಟು 270 ಓಮ್ ರೆಸಿಸ್ಟರ್ ಹಾಕಿ 640ಕ್ಕೆ 480ರ ಚಿತ್ರವನ್ನು ಎಚ್‌ಡಿಎಂಐ ಸಾಕೆಟ್ಟಿಗೆ ಕಳಿಸುವ 'ಪಿಕೊಡಿವಿಐ' ಎಂಬ ಕೆಲಸ ಉಚಿತವಾಗಿ ಸಿಗುತ್ತದೆ. ಅಷ್ಟು ವೇಗದಲ್ಲಿ ಉದ್ದ ತಂತಿ ಎಳೆದು ಕಟ್ಟಿದರೆ ಚಿತ್ರ ಚುಕ್ಕೆ ಚುಕ್ಕೆಯಾಗುತ್ತದೆ. ಸಾಕೆಟ್ ಬೋರ್ಡಿಗೆ ಅಂಟಿದಷ್ಟು ಹತ್ತಿರ ಇರಬೇಕು.

ಕನ್ವರ್ಟರ್: ಹೋಗುವ ದಾರಿ ಒಂದೇ

ಅಂಗಡಿಯವರು ಹೆಚ್ಚು ಮಾತು ಕೇಳುವುದು ಈ ಸಣ್ಣ ಪೆಟ್ಟಿಗೆಯಿಂದ. ಎಚ್‌ಡಿಎಂಐಯಿಂದ ಎವಿಗೆ ಹೋಗುವುದು ಒಂದು, ಎವಿಯಿಂದ ಎಚ್‌ಡಿಎಂಐಗೆ ಹೋಗುವುದು ಇನ್ನೊಂದು. ನೋಡಲು ಅಣ್ಣ ತಮ್ಮನ ಹಾಗೆ ಇರುತ್ತವೆ, ಸಾಕೆಟ್ ಕೂಡ ಒಂದೇ ತರ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಪೈ ಡಬ್ಬಿಯನ್ನು ಹಳೆ ಡಬ್ಬಾ ಟಿವಿಗೆ ಹಾಕಲು ಮೊದಲನೆಯದು ಬೇಕು. ಆರ್ಡುಇನೊ ಡಬ್ಬಿಯನ್ನು ಹಳದಿ ಸಾಕೆಟ್ ಇಲ್ಲದ ಹೊಸ ಎಲ್‌ಇಡಿ ಟಿವಿಗೆ ಹಾಕಲು ಎರಡನೆಯದು. ಮಾರುವಾಗ 'ಯಾವುದರಿಂದ ಯಾವುದಕ್ಕೆ?' ಎಂದು ಒಂದು ಮಾತು ಕೇಳಿದರೆ ಮರುದಿನದ ಜಗಳ ತಪ್ಪುತ್ತದೆ. ಮೊದಲನೆಯದರ ಪಕ್ಕದಲ್ಲಿ ಪಾಲ್, ಎನ್‌ಟಿಎಸ್‌ಸಿ ಎಂದು ಒಂದು ಪುಟ್ಟ ಸ್ವಿಚ್ ಇರುತ್ತದೆ, ಅದನ್ನು ಪಾಲ್ ಕಡೆಗೆ ತಳ್ಳಿ. ಎರಡಕ್ಕೂ ಯುಎಸ್‌ಬಿಯಿಂದ 5 ವೋಲ್ಟ್ ಕರೆಂಟ್ ಕೊಡಲೇಬೇಕು.

ಈಗಿನ ಎಷ್ಟೋ ಎಲ್‌ಇಡಿ ಟಿವಿಯಲ್ಲಿ ಮೂರು ಬಣ್ಣದ ಸಾಕೆಟ್ ಬದಲು ಇಯರ್‌ಫೋನ್ ತರದ ಒಂದೇ ತೂತು ಇದೆ. ಅದಕ್ಕೆ ಬರುವ ಪಿನ್ನಿನಲ್ಲಿ ನಾಲ್ಕು ಭಾಗ, ಆದರೆ ಯಾವ ಭಾಗಕ್ಕೆ ಏನು ಎನ್ನುವುದರಲ್ಲಿ ಕಂಪನಿಗಳಿಗೆ ಒಮ್ಮತ ಇಲ್ಲ. ಇಯರ್‌ಫೋನ್ ತೂತು ಇರುವ ದೊಡ್ಡ ರಾಸ್ಪ್‌ಬೆರಿ ಪೈಗಳಲ್ಲಿ ಬುಡದ ಭಾಗ ವಿಡಿಯೊ, ಅದರ ಮೇಲಿನ ಉಂಗುರ ಗ್ರೌಂಡ್. ಹಳೆ ಹ್ಯಾಂಡಿಕ್ಯಾಮ್ ಕೇಬಲ್‌ಗಳಲ್ಲಿ ಇದು ಅದಲು ಬದಲಾಗಿರುವುದೇ ಹೆಚ್ಚು. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಹಳದಿ ಪಿನ್ ಯಾವ ಭಾಗಕ್ಕೆ ಹೋಗುತ್ತದೆ ಎಂದು ನೋಡಲು ಅರ್ಧ ನಿಮಿಷ ಸಾಕು. ಕೇಬಲ್ ಸ್ವಂತ ಮಾಡುವವರಿಗೆ ಡಿಶ್ ಹಾಕಿ ಉಳಿದ ತುಂಡು ಕೇಬಲ್ ಕೂಡ ಆಗುತ್ತದೆ. ಅದು 75 ಓಮ್‌ನದೇ, ದಪ್ಪ ಮಾತ್ರ ಜಾಸ್ತಿ.

ಸೌಂಡ್ ಬೇಕಾದರೆ ಸ್ಪೀಕರ್ ತಂತಿ ಮುಟ್ಟಬೇಡಿ

ಹಳದಿ ತಂತಿಯಲ್ಲಿ ಸೌಂಡ್ ಬರುವುದಿಲ್ಲ, ಅದು ಕೆಂಪು ಬಿಳಿಯ ಕೆಲಸ. ಡಬ್ಬಿಯ ಸ್ಪೀಕರ್‌ಗೆ ಹೋಗುವ ಎರಡು ತಂತಿಯನ್ನೇ ಟಿವಿಗೆ ಎಳೆಯುವುದು ಸುಲಭ ಎಂದು ಕಾಣುತ್ತದೆ. ಬೇಡ. ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಹಾಕುವ ಪಿಎಎಂ8403 ಆಂಪ್ಲಿಫೈಯರ್‌ನಲ್ಲಿ ಸ್ಪೀಕರಿನ ಮೈನಸ್ ತಂತಿ ಗ್ರೌಂಡ್ ಅಲ್ಲ, ಅದರಲ್ಲೂ ಸಿಗ್ನಲ್ ಇರುತ್ತದೆ. ಟಿವಿ ಪಿನ್ನಿನ ಬಳೆ ಗ್ರೌಂಡ್. ಎರಡನ್ನೂ ಸೇರಿಸಿದರೆ ಆಂಪ್ಲಿಫೈಯರ್‌ನ ಔಟ್‌ಪುಟ್ ಶಾರ್ಟ್. ಸೌಂಡನ್ನು ಆಂಪ್ಲಿಫೈಯರ್‌ಗೆ ಹೋಗುವ ಮುಂಚೆಯೇ ತೆಗೆದುಕೊಳ್ಳಬೇಕು.

ಉಪ್ಪು ಗಾಳಿ, ಒದ್ದೆ ನೆಲ

ಕರಾವಳಿಯಲ್ಲಿ ಆರ್‌ಸಿಎ ಪಿನ್ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಪ್ಪಾಗುತ್ತದೆ. ಚಿತ್ರ ಬಂದು ಹೋಗಿ ಮಾಡಿದರೆ ಸೋಲ್ಡರ್ ಬಿಚ್ಚುವ ಮೊದಲು ಪಿನ್ನನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ನೋಡಿ. ಡಬ್ಬಿಯ ಒಳಗೆ ಸೋಲ್ಡರ್ ಪೇಸ್ಟಿನ ಕೊಳೆ ಉಳಿದಿದ್ದರೆ ಅದು ತೇವ ಎಳೆದು ಹಸಿರುಗಟ್ಟುತ್ತದೆ, ಅದನ್ನೂ ಒರೆಸಬೇಕು. ಸಾಕೆಟ್ಟನ್ನು ಪೆಟ್ಟಿಗೆಯ ಗೋಡೆಗೆ ನಟ್ ಹಾಕಿ ಕೂರಿಸಿ. ತಂತಿ ಕಾಲಿಗೆ ಸಿಕ್ಕಿ ಎಳೆದರೆ ಬೋರ್ಡಿನ ಪ್ಯಾಡೇ ಕಿತ್ತು ಬರುತ್ತದೆ. ಝೀರೋ 2 ಡಬ್ಲ್ಯೂನ ಹಿಂಬದಿ ಪ್ಯಾಡ್ ಕಿತ್ತರೆ ಮತ್ತೆ ಕೂರಿಸುವುದು ಕಷ್ಟ.

ಎರಡು ಪಿನ್ನಿನ ಪ್ಲಗ್ ಇರುವ ಟಿವಿಯ ಎವಿ ಸಾಕೆಟ್ ಮುಟ್ಟಿದಾಗ ಕೈ ಜುಮ್ ಅನ್ನುವುದು ಹಲವರಿಗೆ ಗೊತ್ತು. ಅರ್ತಿಂಗ್ ಇಲ್ಲದ ಕಾರಣ ಬರುವ ಸಣ್ಣ ಸೋರಿಕೆ ಅದು. ಮನುಷ್ಯನಿಗೆ ಜುಮ್ ಅನ್ನುವಷ್ಟೇ ಇರಬಹುದು, ಬೋರ್ಡಿನ ಪಿನ್ನಿಗೆ ಅಷ್ಟು ಸಾಕು. ಟಿವಿಯ ಪ್ಲಗ್ ಕಿತ್ತು, ಕೇಬಲ್ ಹಾಕಿ, ಆಮೇಲೆ ಕರೆಂಟ್ ಕೊಡಿ. ಮಳೆಗಾಲದಲ್ಲಿ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಈ ಕೆಲಸ ಬೇಡ.

ಡಬ್ಬಾ ಟಿವಿಗೆ ಎವಿ ಸಾಕೆಟ್ಟೇ ಇಲ್ಲದಿದ್ದರೆ ಒಳಗೆ ಬಿಚ್ಚಿ ತಂತಿ ಕೊಡಲು ಹೋಗುವವರೂ ಇದ್ದಾರೆ. ಬಣ್ಣದ ಡಬ್ಬಾ ಟಿವಿಯ ಪಿಕ್ಚರ್ ಟ್ಯೂಬಿಗೆ 20 ಸಾವಿರ ವೋಲ್ಟಿನ ಆಸುಪಾಸು ಬೇಕು, ಪ್ಲಗ್ ಕಿತ್ತ ಮೇಲೂ ಅದು ಟ್ಯೂಬಿನಲ್ಲಿ ಉಳಿದಿರುತ್ತದೆ. ಕೆಲವು ಹಳೆ ಸೆಟ್‌ಗಳಲ್ಲಿ ಒಳಗಿನ ಗ್ರೌಂಡಿಗೇ ಮನೆಯ ಲೈನ್ ಕರೆಂಟ್ ಸೇರಿರುತ್ತದೆ. ಅಂಥದ್ದಕ್ಕೆ ಡಬ್ಬಿ ಜೋಡಿಸಿದರೆ ಹುಡುಗನ ಕೈಯಲ್ಲಿರುವ ಬಟನ್‌ವರೆಗೂ 230 ವೋಲ್ಟ್ ಬರಬಹುದು. ವರ್ಷಗಟ್ಟಲೆ ಟಿವಿ ರಿಪೇರಿ ಮಾಡಿದವರ ಹೊರತು ಯಾರೂ ಹಿಂದಿನ ಮುಚ್ಚಳ ತೆಗೆಯಬಾರದು. ಅದರ ಬದಲು ಮನೆಯಲ್ಲಿ ಹಳೆ ವಿಸಿಆರ್ ಬಿದ್ದಿದ್ದರೆ ಡಬ್ಬಿಯ ಹಳದಿ ಪಿನ್ ಅದರ ಎವಿ ಇನ್‌ಗೆ, ಅದರ ಆರ್‌ಎಫ್ ಔಟ್ ಟಿವಿಯ ಆಂಟೆನಾ ತೂತಿಗೆ ಹಾಕಿ ಚಾನಲ್ ಹುಡುಕಬಹುದು. ಹಳೆ ಕ್ಯಾಸೆಟ್ ಗೇಮ್‌ಗಳೂ ಆಂಟೆನಾ ತೂತಿನಲ್ಲೇ ಬರುತ್ತಿದ್ದವು.

ಬ್ಯಾಟರಿ ಮತ್ತು ಅಂಗಡಿ ಲೆಕ್ಕ

ಟಿವಿ ಮುಂದೆ ಕೂತರೆ ಆಟ ಗಂಟೆಗಟ್ಟಲೆ ನಡೆಯುತ್ತದೆ, ಚಾರ್ಜರ್ ಹಾಕಿಕೊಂಡೇ ಆಡುತ್ತಾರೆ. ಡಬ್ಬಿಗಳಲ್ಲಿ ಹೆಚ್ಚಾಗಿ ಇರುವ ಟಿಪಿ4056 ಚಾರ್ಜಿಂಗ್ ಬೋರ್ಡಿಗೆ ಬ್ಯಾಟರಿ ತುಂಬುವುದು ಗೊತ್ತು, ಅದೇ ಹೊತ್ತಿಗೆ ಗೇಮಿಗೂ ಕರೆಂಟ್ ಹಂಚುವುದು ಗೊತ್ತಿಲ್ಲ. ಬ್ಯಾಟರಿ ತುಂಬಿದೆಯೋ ಇಲ್ಲವೋ ಎಂದು ಅದಕ್ಕೆ ತಿಳಿಯದೆ ಚಾರ್ಜ್ ಮಾಡುತ್ತಲೇ ಇರುತ್ತದೆ. ಟಿವಿಗೆ ಹಾಕುವಾಗ ಬ್ಯಾಟರಿ ಕಟ್ ಮಾಡಿ 5 ವೋಲ್ಟ್ 2 ಆಂಪ್ ಅಡಾಪ್ಟರ್‌ನಿಂದ ಓಡಿಸುವ ಸ್ವಿಚ್ ಒಂದನ್ನು ಈ ರಿಪೇರಿಯಲ್ಲೇ ಸೇರಿಸುವುದು ಒಳ್ಳೆಯದು. ಬ್ಯಾಟರಿಯಿಂದ 5 ವೋಲ್ಟಿಗೆ ಏರಿಸುವ ಸಣ್ಣ ಬೋರ್ಡ್ ಸದ್ದು ಮಾಡಿದರೆ ಟಿವಿಯಲ್ಲಿ ಓರೆ ಗೆರೆ ತೇಲುತ್ತದೆ. ಅದರ ಔಟ್‌ಪುಟ್ಟಿಗೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ನೋಡಬಹುದು.

ಸಾಕೆಟ್ ಕೂರಿಸಿ, ಎರಡು ತಂತಿ ಸೋಲ್ಡರ್ ಮಾಡಿ, ಕಾರ್ಡಿನ ಸೆಟ್ಟಿಂಗ್ ಬದಲಿಸುವುದು ಮೊಬೈಲ್ ರಿಪೇರಿ ಕೈಗೆ ಒಂದು ಗಂಟೆಯ ಕೆಲಸ. ಆನ್‌ಲೈನಿನಲ್ಲಿ ಬೋರ್ಡ್ ಸಿಗುತ್ತದೆ, ಈ ಒಂದು ಗಂಟೆ ಸಿಗುವುದಿಲ್ಲ. ಕೇಬಲ್ ಮಾರಿದ ಲಾಭಕ್ಕಿಂತ ಈ ಕೂಲಿ ಅಂಗಡಿಯವರಿಗೆ ಗಟ್ಟಿ. ಜೊತೆಗೆ ಮೆಮೊರಿ ಕಾರ್ಡಿಗೆ ಸಾವಿರಾರು ಗೇಮ್ ತುಂಬಿಸಿ ಕೊಡುವ ಆಸೆ ಬೇಡ. ಆ ಗೇಮ್‌ಗಳಿಗೆ ಮಾಲೀಕರು ಇದ್ದಾರೆ, ಹಾಗೆ ಮಾರುವುದು 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಅಪರಾಧ. ಹವ್ಯಾಸಿಗಳೇ ಬರೆದು ಉಚಿತವಾಗಿ ಬಿಟ್ಟ ಗೇಮ್‌ಗಳೂ ಸಾಕಷ್ಟಿವೆ.

ಕೊನೆಗೆ ಚಿತ್ರ ಬಂದ ಮೇಲೂ ಡಬ್ಬಾ ಟಿವಿಯಲ್ಲಿ ಸ್ಕೋರ್ ಬರೆದ ಮೂಲೆ ಕಾಣುತ್ತಿಲ್ಲ ಎಂದು ಹುಡುಗ ಮತ್ತೆ ಅಂಗಡಿಗೆ ಬರಬಹುದು. ಡಬ್ಬಾ ಟಿವಿ ಚಿತ್ರದ ಅಂಚನ್ನು ಸುತ್ತಲೂ ಸ್ವಲ್ಪ ನುಂಗುವುದು ಮಾಮೂಲು. ಪೈ ಆದರೆ ಕಾನ್ಫಿಗ್ ಫೈಲಿನ 'ಓವರ್‌ಸ್ಕ್ಯಾನ್' ಸಾಲುಗಳಲ್ಲಿ ನಾಲ್ಕೂ ಕಡೆ 16ರಿಂದ ಶುರು ಮಾಡಿ, ಮೂಲೆ ಕಾಣುವವರೆಗೆ ಹೆಚ್ಚಿಸುತ್ತಾ ಹೋಗಬೇಕು. ಆರ್ಡುಇನೊ ಆದರೆ ಗೇಮ್ ಬರೆಯುವಾಗಲೇ ಸ್ಕೋರನ್ನು ಮೂಲೆಯಿಂದ ಎಂಟು ಚುಕ್ಕೆ ಒಳಗೆ ಇಡುವುದು.